ಸೂಪಿನ ಸಾಲು, ಅದರ ಹಿಂದಿರೋ ಮನೆ

(ಮೈಸೂರಲ್ಲಿ ಗೆಳೆಯರ ಓದುಬಳಗದಲ್ಲಿ ಮಾತಾಡಿದ್ದನ್ನ ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೀನಿ. ಅವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನ ಇಲ್ಲಿ ಸೇರಿಸಿದ್ದೀನಿ, ಮಾತಿನ ಧಾಟಿ ಮಾತ್ರ ಹಾಗೇ ಇಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡೋದು ನ್ಯೂಯಾರ್ಕಲ್ಲಿ ಬೀದಿಯಲ್ಲಿರೋರಿಗೆ ಸೂಪು ಬಡಿಸಿ, ಕೆಲವರನ್ನ ಮನೆಯಲ್ಲೇ ಇರಿಸ್ಕೊಳ್ಳೋ ಕ್ಯಾಥೊಲಿಕ್ ವರ್ಕರ್ ಅನ್ನೋ ಸಮುದಾಯದ ಮನೆಗಳ ಬಗ್ಗೆ. ಮೊದಲು ಈ ಮನೆ ಎಲ್ಲಿದೆ ಅಂತ ಹೇಳ್ಬಿಡ್ತೀನಿ. ನ್ಯೂಯಾರ್ಕ್ ಅಂದ ತಕ್ಷಣ ನಮಗೆಲ್ಲ ಕಣ್ಮುಂದೆ ಬರೋದು ಟೈಮ್ಸ್ ಸ್ಕ್ವೇರ್ ಲೈಟು, ವಾಲ್ ಸ್ಟ್ರೀಟು, ತಲೆ ಎತ್ತಿದ್ರೆ ಟೋಪಿ ಬೀಳೋ ಅಷ್ಟು ಎತ್ತರದ ಬಿಲ್ಡಿಂಗು. ಅದೇ ಮ್ಯಾನ್‌ಹಟನ್‌ನಲ್ಲೇ ದಕ್ಷಿಣಕ್ಕೆ, ಪೂರ್ವದ ಕಡೆ, ಲೋವರ್ ಈಸ್ಟ್ ಸೈಡ್ ಅಂತ ಒಂದು ಏರಿಯಾ ಇದೆ, ಹಡಗಿಳಿದು ಬಂದ ಬಡವರು ತಲೆಮಾರುಗಟ್ಟಲೆ ಮೊದಲು ರೂಮ್ ಹುಡುಕಿದ ಜಾಗ ಅದು. ಅದರ ಪಕ್ಕಕ್ಕೇ ಬೌರಿ ಅನ್ನೋ ರಸ್ತೆ. ಒಂದು ಕಾಲಕ್ಕೆ ಬೌರಿ ಅಂದ್ರೆ ಇಡೀ ಅಮೆರಿಕಕ್ಕೇ ಗೊತ್ತು, ಕುಡಿದು ಮನೆಮಠ ಕಳ್ಕೊಂಡ ಗಂಡಸರು ಕೊನೆಗೆ ಬಂದು ಸೇರ್ತಿದ್ದ ಬೀದಿ, ರಾತ್ರಿಗೆ ಇಷ್ಟು ಅಂತ ಚಿಲ್ಲರೆ ಕೊಟ್ರೆ ಮೇಲೆ ತಂತಿಬಲೆ ಹೊದಿಸಿದ ಸಣ್ಣ ಗೂಡಲ್ಲಿ ಮಲಗೋಕೆ ಬಿಡೋ ಹೋಟೆಲ್‌ಗಳು ಸಾಲಾಗಿ ಇದ್ವು. ಅಲ್ಲಿಂದ ಸ್ವಲ್ಪ ನಡೆದ್ರೆ ಈಸ್ಟ್ ಫಸ್ಟ್ ಸ್ಟ್ರೀಟಲ್ಲಿ 36ನೇ ನಂಬರ್, ಸೇಂಟ್ ಜೋಸೆಫ್ ಹೌಸ್. ಎರಡು ರಸ್ತೆ ಆಚೆ ಈಸ್ಟ್ ಥರ್ಡ್ ಸ್ಟ್ರೀಟಲ್ಲಿ 55ನೇ ನಂಬರ್, ಮೇರಿಹೌಸ್. ಮೊದಲನೇದು 1968ರಿಂದ ಇದೆ. ಎರಡನೇದು ಮೊದಲು ಸಂಗೀತ ಶಾಲೆ ಆಗಿತ್ತು, 1970ರ ದಶಕದ ನಡುವೆ ಮುಖ್ಯವಾಗಿ ಹೆಂಗಸರಿಗೆ ಅಂತ ಅದನ್ನ ಮನೆ ಮಾಡಿದ್ರು. ಎರಡೂ ಈ ಕ್ಯಾಥೊಲಿಕ್ ವರ್ಕರ್ ಸಮುದಾಯದವರದ್ದು.

ಆ ಕಾಲದ ನ್ಯೂಯಾರ್ಕ್ ಹೇಗಿತ್ತು ಅನ್ನೋದು ಗೊತ್ತಿಲ್ಲದೆ ಈ ಮನೆಗಳ ಕೆಲಸ ಅರ್ಥ ಆಗಲ್ಲ. 1975ರಲ್ಲಿ ನಗರಪಾಲಿಕೆ ದಿವಾಳಿ ಆಗೋ ಹಂತಕ್ಕೆ ಬಂದಿತ್ತು, ಸಾವಿರಾರು ಪೊಲೀಸರು, ಮೇಷ್ಟ್ರುಗಳು ಕೆಲಸ ಕಳ್ಕೊಂಡ್ರು, ಲೋವರ್ ಈಸ್ಟ್ ಸೈಡಲ್ಲಿ ಓನರ್‌ಗಳು ಬಾಡಿಗೆ ಗಿಟ್ಟಲ್ಲ ಅಂತ ಬಿಲ್ಡಿಂಗ್‌ಗಳನ್ನೇ ಬಿಟ್ಟು ಹೋದ್ರು, ಎಷ್ಟಕ್ಕೋ ಬೆಂಕಿ ಬಿತ್ತು, ಖಾಲಿ ಬಿದ್ದ ಮನೆಗಳಲ್ಲಿ ಹೆರಾಯಿನ್ ವ್ಯಾಪಾರ. ಅದಕ್ಕೂ ಮುಂಚಿನಿಂದಲೇ ಸರ್ಕಾರ ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿದ್ದವರನ್ನ ಹೊರಗೆ ಕಳಿಸ್ತಾ ಬಂದಿತ್ತು, ಊರೊಳಗೇ ಚಿಕಿತ್ಸೆ ಸಿಗುತ್ತೆ ಅಂತ ಹೇಳಿ, ಆದ್ರೆ ಅದಕ್ಕೆ ಬೇಕಾದ ದುಡ್ಡಾಗಲಿ ಏರ್ಪಾಡಾಗಲಿ ಅವರ ಹಿಂದೆ ಬರಲೇ ಇಲ್ಲ. ಜೊತೆಗೆ ಒಂಟಿ ಮುದುಕರು, ಸಣ್ಣ ಪೆನ್ಷನ್‌ನವರು ಇರ್ತಿದ್ದ ಅಗ್ಗದ ಒಂಟಿ ರೂಮಿನ ಹೋಟೆಲ್‌ಗಳು ಒಂದೊಂದಾಗಿ ಮುಚ್ಚಿ ಅಪಾರ್ಟ್‌ಮೆಂಟ್ ಆದ್ವು. ಇಷ್ಟೂ ಒಟ್ಟಿಗೆ ಆದಾಗ ಜನ ಬೀದಿಗೆ ಬರ್ದೆ ಇನ್ನೆಲ್ಲಿಗೆ ಹೋಗ್ತಾರೆ ಹೇಳಿ.

1979ರಲ್ಲಿ ರಾಬರ್ಟ್ ಹೇಯ್ಸ್ ಅನ್ನೋ ಯುವ ಲಾಯರ್ ಒಬ್ಬರು ಬೌರಿ ಗಂಡಸರ ಪರವಾಗಿ ಕೋರ್ಟಿಗೆ ಹೋದ್ರು. ಕೇಸಲ್ಲಿ ಮೊದಲ ಹೆಸರು ರಾಬರ್ಟ್ ಕ್ಯಾಲಹನ್ ಅಂತ, ಬೀದಿ ಮೇಲೇ ಇದ್ದೋರು. 1981ರಲ್ಲಿ ನಗರ ಸೋತು ಒಪ್ಪಂದಕ್ಕೆ ಸಹಿ ಹಾಕ್ತು, ಸೂರಿಲ್ಲ ಅಂತ ಕೇಳ್ಕೊಂಡು ಬಂದ ಗಂಡಸರಿಗೆ ಮಲಗೋ ಜಾಗ ಕೊಡ್ಲೇಬೇಕು ಅಂತ. ಕ್ಯಾಲಹನ್ ಅಷ್ಟೊತ್ತಿಗೆ ಬೀದಿಯಲ್ಲೇ ತೀರ್ಕೊಂಡಿದ್ರು. ಕಾನೂನು ದೊಡ್ಡದೇ, ಇವತ್ತಿಗೂ ಲಕ್ಷಾಂತರ ಜನಕ್ಕೆ ಅದರಿಂದ ಆಸರೆ ಸಿಕ್ಕಿದೆ, ಅದನ್ನ ನಾನು ಚಿಕ್ಕದು ಮಾಡಿ ಹೇಳ್ತಿಲ್ಲ. ಆದ್ರೆ ನಗರ ಆ ಮಾತನ್ನ ಉಳಿಸ್ಕೊಂಡಿದ್ದು ಹೇಗೆ ಅಂದ್ರೆ ಸೈನಿಕರ ಕವಾಯತಿಗೆ ಅಂತ ಕಟ್ಟಿದ್ದ ಹಳೇ ಹಾಲ್‌ಗಳಲ್ಲಿ ನೂರಾರು ಮಂಚ ಸಾಲಾಗಿ ಹಾಕಿ. ಒಂದೇ ಹಾಲ್, ಒಂದೇ ಸೂರು, ರಾತ್ರಿಯಿಡೀ ಉರಿಯೋ ಲೈಟು, ಶೂ ಕದೀತಾರೆ ಅಂತ ಮಂಚದ ಕಾಲಿನ ಕೆಳಗೆ ಸಿಕ್ಕಿಸಿ ಮಲಗೋರು. ಇದಕ್ಕಿಂತ ಬೀದಿನೇ ವಾಸಿ ಅಂತ ಎಷ್ಟೋ ಜನ ವಾಪಸ್ ಬರ್ತಿದ್ರು. ಫಸ್ಟ್ ಸ್ಟ್ರೀಟಿನ ಮನೆಯವರು ಮಾಡಿದ್ದು ಇದರ ಉಲ್ಟಾ. ಸಾವಿರ ಮಂಚ ಹಾಕೋ ಶಕ್ತಿ ಅವರಿಗಿಲ್ಲ, ಹಾಕ್ತೀವಿ ಅಂತಲೂ ಅವರು ಯಾವತ್ತೂ ಹೇಳಿಲ್ಲ, ಇಪ್ಪತ್ತೋ ಮೂವತ್ತೋ ಜನ ಒಂದು ಮನೆಯಲ್ಲಿ ಮನೆಯವರಾಗಿ ಇರೋದು, ಬಾಗಿಲಿಗೆ ಬಂದವರಿಗೆಲ್ಲ ಒಂದು ಬಟ್ಟಲು ಸೂಪು, ಅಷ್ಟೇ. ನಾನು ಇವತ್ತು ಹೇಳ್ಬೇಕು ಅಂತಿರೋದೂ ಈ "ಮನೆಯವರಾಗಿ ಇರೋದು" ಅನ್ನೋದರ ಬಗ್ಗೆನೇ.

ನನಗೆ ಆ ಮನೆ ಹೇಗೆ ಗೊತ್ತಾಯ್ತು ಅಂತ ಚಿಕ್ಕದಾಗಿ ಹೇಳ್ತೀನಿ. 2010ರ ಆಸುಪಾಸಲ್ಲಿ ನಾವು ಜರ್ಸಿ ಸಿಟಿಯಲ್ಲಿದ್ವಿ. ಯಜಮಾನರಿಗೆ ಕೆಲಸ, ನನಗೆ ಡಿಪೆಂಡೆಂಟ್ ವೀಸಾ, ಅಂದ್ರೆ ಸಂಬಳದ ಕೆಲಸ ಮಾಡೋ ಹಾಗಿಲ್ಲ. ನಮ್ಮ ಕಡೆಯಿಂದ ಮದುವೆಯಾಗಿ ಹೋದ ಸುಮಾರು ಹೆಣ್ಣುಮಕ್ಕಳಿಗೆ ಈ ಅನುಭವ ಇದೆ, ಎಂಎಸ್ಸಿ ಮಾಡಿರ್ತೀವಿ, ಬೆಳಗ್ಗೆ ಒಂಬತ್ತಾದ್ಮೇಲೆ ಗೋಡೆ ನೋಡ್ಕೊಂಡು ಕೂತಿರ್ತೀವಿ. ಪಕ್ಕದ ಮನೆಯ ಮಂಗಳೂರು ಕಡೆಯ ಕ್ಯಾಥೊಲಿಕ್ ಅಕ್ಕ ಒಬ್ರು "ಬಾ, ತರಕಾರಿ ಹೆಚ್ಚೋಕೆ ಬರುತ್ತಲ್ಲ, ಸಾಕು" ಅಂತ ಕರ್ಕೊಂಡು ಹೋದ್ರು. ಜರ್ನಲ್ ಸ್ಕ್ವೇರಲ್ಲಿ ಪಾತ್ ಟ್ರೈನ್ ಹತ್ತಿ ನೈಂತ್ ಸ್ಟ್ರೀಟಲ್ಲಿ ಇಳಿದು ಪೂರ್ವಕ್ಕೆ ನಡೆಯೋದು. ನಾನು ಕ್ಯಾಥೊಲಿಕ್ ಅಲ್ಲ, ಆ ಮನೆಯಲ್ಲಿ ವಾಸ ಮಾಡ್ದೋಳೂ ಅಲ್ಲ, ಹೆಚ್ಚಾಗಿ ಬೆಳಗ್ಗೆ ಹೋಗಿ ಮಧ್ಯಾಹ್ನ ಬರೋ ವಾಲಂಟಿಯರ್. ಒಳಗೆ ಇದ್ದವರ ಕಷ್ಟಸುಖ ನಾನು ಕಂಡಿದ್ದು ಅಡುಗೆಮನೆಯಿಂದ.

ಸೂಪಿನ ಕೆಲಸ ಹಿಂದಿನ ದಿನವೇ ಶುರು. ಕಾಳು ನೆನೆ ಹಾಕೋದು, ದಾನ ಬಂದ ತರಕಾರಿಯಲ್ಲಿ ಕೊಳೆತಿದ್ದು ಬೇರೆ, ಚೆನ್ನಾಗಿರೋದು ಬೇರೆ ಮಾಡೋದು. ಬೆಳಗ್ಗೆ ನಮ್ಮ ಮದುವೆ ಮನೆ ಹಂಡೆ ಸೈಜಿನ ಅಲ್ಯೂಮಿನಿಯಂ ಪಾತ್ರೆ ಒಲೆ ಮೇಲೆ ಏರುತ್ತೆ. ಈರುಳ್ಳಿ, ಕ್ಯಾರೆಟ್, ಸೆಲರಿ, ಆಲೂಗಡ್ಡೆ, ಕಾಳು, ಇದ್ರೆ ಹಿಂದಿನ ರಾತ್ರಿ ಉಳಿದಿದ್ದು. ಸೂಪು ಅಂದ್ರೆ ಹೋಟೆಲಲ್ಲಿ ಊಟಕ್ಕೆ ಮುಂಚೆ ಕೊಡೋ ನೀರುನೀರಾದ ಸೂಪಲ್ಲ, ನಮ್ಮ ತರಕಾರಿ ಕೂಟಿನ ಹದಕ್ಕೆ ಗಟ್ಟಿಯಾಗಿರುತ್ತೆ, ಯಾಕಂದ್ರೆ ಎಷ್ಟೋ ಜನಕ್ಕೆ ಅವತ್ತಿಗೆ ಅದೇ ಊಟ. ಜೊತೆಗೆ ಬೇಕರಿಯವರು ಕೊಟ್ಟ ಹಿಂದಿನ ದಿನದ ಬ್ರೆಡ್ಡು, ಟೀ. ಚಾಕು ಹಿಡಿದು ನನ್ನ ಪಕ್ಕ ನಿಂತಿರೋರಲ್ಲಿ ಯಾರು ವಾಲಂಟಿಯರ್, ಯಾರು ಬೀದಿಯಿಂದ ಬಂದು ಮನೆಯಲ್ಲಿ ಉಳ್ಕೊಂಡೋರು ಅಂತ ನೋಡಿದ್ರೆ ಗೊತ್ತಾಗ್ತಿರಲಿಲ್ಲ, ಯಾರೂ ಹೇಳ್ತಾನೂ ಇರಲಿಲ್ಲ. ಕಾಲೇಜ್ ಮುಗಿಸಿ ಬಂದ ಹುಡುಗನ ಸ್ವೆಟರ್ರೂ ದಾನದ ಬಟ್ಟೆ ಇಡೋ ಕ್ಲೋತಿಂಗ್ ರೂಮಿಂದ ಬಂದಿದ್ದೇ, ಹತ್ತು ವರ್ಷದಿಂದ ಅಲ್ಲೇ ಇರೋ ಮುದುಕನ ಸ್ವೆಟರ್ರೂ ಅಲ್ಲಿಂದಲೇ.

ಬಾಗಿಲು ತೆಗೆಯೋ ಹೊತ್ತಿಗೆ ಫುಟ್‌ಪಾತಲ್ಲಿ ಸಾಲು ನಿಂತಿರುತ್ತೆ. ಸ್ವಲ್ಪ ಸ್ವಲ್ಪ ಜನ ಒಳಗೆ ಬಂದು ಮೇಜಿಗೆ ಕೂರ್ತಾರೆ, ನಾವು ಬಟ್ಟಲು ತಗೊಂಡು ಹೋಗಿ ಮುಂದೆ ಇಡ್ತೀವಿ, ಖಾಲಿಯಾದ್ರೆ ಇನ್ನೊಂದ್ಸಲ ಬಡಿಸ್ತೀವಿ. ತಟ್ಟೆ ಹಿಡ್ಕೊಂಡು ಕ್ಯೂ ನಿಂತು ಹಾಕಿಸ್ಕೊಳ್ಳೋದಕ್ಕೂ, ಕೂತು ಬಡಿಸ್ಕೊಳ್ಳೋದಕ್ಕೂ ಇರೋ ವ್ಯತ್ಯಾಸ ನಮ್ಮ ಪಂಕ್ತಿ ಊಟ ಮಾಡಿದ ಯಾರಿಗಾದ್ರೂ ಗೊತ್ತು. ಹೆಸರು ಕೇಳಲ್ಲ, ಐಡಿ ಕೇಳಲ್ಲ, ಬೆಳಗ್ಗೆ ಕುಡಿದಿದ್ದೀಯಾ ಅಂತ ಕೇಳಲ್ಲ, ಪ್ರಾರ್ಥನೆ ಮಾಡು ಆಮೇಲೆ ಊಟ ಅನ್ನೋದಿಲ್ಲ. ಒಬ್ಬ ವಯಸ್ಸಾದೋರು ದಿನಾ ಬಂದು ಬ್ರೆಡ್ಡಿನ ಅಂಚು ಮಾತ್ರ ಬಿಡಿಸಿ ಪೇಪರ್ ನ್ಯಾಪ್ಕಿನಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಇಟ್ಕೊಳ್ಳೋರು, ಮೆತ್ತಗಿರೋ ಒಳಗಿನ ಭಾಗ ಸೂಪಲ್ಲಿ ನೆನೆಸಿ ತಿನ್ನೋರು. ಹಲ್ಲಿಲ್ಲ ಅಂತ ನಾನು ಅಂದ್ಕೊಂಡೆ. ಹಲ್ಲೂ ಇರಲಿಲ್ಲ, ಅದೂ ನಿಜ, ಆದ್ರೆ ಅಂಚು ಎಲ್ಲ ಪಾರ್ಕಿನ ಪಾರಿವಾಳಕ್ಕೆ ಅಂತ ಬಾಗಿಲಲ್ಲಿ ನಿಲ್ಲೋ ಹುಡುಗಿ ಹೇಳಿದ್ಲು. ಅವಳಿಗೆ ಸಾಲಲ್ಲಿ ಬರೋ ಮುಕ್ಕಾಲು ಜನದ ಹೆಸರು ಗೊತ್ತಿತ್ತು, ಯಾರ ಕಾಲಲ್ಲಿ ಗಾಯ ಇದೆ, ಯಾರ ಪಕ್ಕ ಯಾರನ್ನ ಕೂರಿಸಬಾರದು, ಯಾರು ಒಂದು ವಾರದಿಂದ ಬಂದಿಲ್ಲ, ಎಲ್ಲ. ಯಾವ ರಿಜಿಸ್ಟರಲ್ಲೂ ಬರೆದಿಟ್ಟಿದ್ದಲ್ಲ ಅದು.

ಈಗ ಇದನ್ನ ಶುರು ಮಾಡಿದ್ದು ಯಾರು ಅಂತ. ಡೊರೊತಿ ಡೇ, ಹುಟ್ಟಿದ್ದು 1897ರಲ್ಲಿ ಬ್ರೂಕ್ಲಿನ್‌ನಲ್ಲಿ. ಎಂಟು ವರ್ಷದ ಹುಡುಗಿ ಇದ್ದಾಗ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆಯ್ತು, ಅವರ ಮನೆ ಆಗ ಪಕ್ಕದ ಓಕ್‌ಲೆಂಡಲ್ಲಿ, ಮನೆ ಕಳ್ಕೊಂಡು ಬಂದವರಿಗೆ ಅಕ್ಕಪಕ್ಕದವರೆಲ್ಲ ಅಡುಗೆ ಮಾಡಿ ಹಾಕಿದ್ದು, ಉಟ್ಟ ಬಟ್ಟೆ ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟಿದ್ದು ಆ ಹುಡುಗಿ ಮನಸ್ಸಲ್ಲಿ ಕೂತ್ಬಿಡ್ತು. ದೊಡ್ಡೋಳಾಗಿ ಸೋಷಿಯಲಿಸ್ಟ್ ಪತ್ರಿಕೆಗಳಲ್ಲಿ ರಿಪೋರ್ಟರ್, ಹೆಂಗಸರ ಮತದ ಹಕ್ಕಿಗಾಗಿ ಜೈಲು, ಮದುವೆಯಿಲ್ಲದೆ ಒಬ್ಬರ ಜೊತೆ ಸಂಸಾರ, 1926ರಲ್ಲಿ ಮಗಳು. ಮಗಳಾದ್ಮೇಲೆ 1927ರಲ್ಲಿ ಕ್ಯಾಥೊಲಿಕ್ ಆದ್ರು, ಪ್ರೀತಿಸಿದ ಆ ಮನುಷ್ಯನಿಗೆ ದೇವರು ಧರ್ಮ ಯಾವುದೂ ಆಗ್ತಿರಲಿಲ್ಲ, ಅವನನ್ನ ಬಿಟ್ಟು ಬರ್ಬೇಕಾಯ್ತು. ಚರ್ಚ್ ಸೇರಿದ್ರು ಸರಿ, ಆದ್ರೆ ಕೂಲಿಕಾರರ ಪರ ಇದ್ದ ತನ್ನ ಹಳೇ ಜೀವನಕ್ಕೂ ಈ ಹೊಸ ನಂಬಿಕೆಗೂ ಸೇತುವೆ ಎಲ್ಲಿ ಅಂತ ಅವರಿಗೆ ಐದು ವರ್ಷ ಸಿಗಲಿಲ್ಲ.

1932ರ ಡಿಸೆಂಬರಲ್ಲಿ ಬಾಗಿಲು ತಟ್ಕೊಂಡು ಬಂದೋರು ಪೀಟರ್ ಮೊರಾನ್, ಫ್ರಾನ್ಸಿನ ರೈತ ಕುಟುಂಬದವರು, ಐವತ್ತು ದಾಟಿದ ವಯಸ್ಸು, ಸುಕ್ಕಾದ ಸೂಟು, ಜೇಬುತುಂಬ ಪುಸ್ತಕ, ಬಾಯಿ ನಿಲ್ಲಿಸದ ಮಾತು. ಜನಕ್ಕೆ ಒಳ್ಳೆಯವರಾಗಿರೋದು ಸುಲಭ ಆಗೋ ಅಂಥ ಸಮಾಜ ಬೇಕು ಅನ್ನೋದು ಅವರ ಮಂತ್ರ. ಅದಕ್ಕೆ ಒಂದು ಪತ್ರಿಕೆ, ಊರೂರಲ್ಲಿ ಅತಿಥಿಗಳಿಗೆ ಮನೆ, ಹಳ್ಳಿಯಲ್ಲಿ ಓದಿದವರೂ ದುಡಿಯೋರೂ ಒಟ್ಟಿಗೆ ಇರೋ ಹೊಲ, ಇದು ಅವರ ಪ್ಲಾನು. ಆಗ ಅಮೆರಿಕದಲ್ಲಿ ದುಡಿಯೋ ಕೈಗಳಲ್ಲಿ ನಾಲ್ಕಕ್ಕೊಂದು ಖಾಲಿ ಕೂತಿತ್ತು. 1933ರ ಮೇ 1ನೇ ತಾರೀಕು ಯೂನಿಯನ್ ಸ್ಕ್ವೇರಲ್ಲಿ ಕಮ್ಯುನಿಸ್ಟರ ದೊಡ್ಡ ಸಭೆ ನಡೀತಿದ್ದಾಗ ಡೊರೊತಿ ಮತ್ತೆ ಇನ್ನು ಕೆಲವರು 'ಕ್ಯಾಥೊಲಿಕ್ ವರ್ಕರ್' ಪತ್ರಿಕೆಯ 2,500 ಪ್ರತಿ ಹಿಡ್ಕೊಂಡು ಹೋಗಿ ಮಾರಿದ್ರು. ಪ್ರಿಂಟ್ ಮಾಡೋಕೆ 57 ಡಾಲರ್ ಆಗಿತ್ತು, ಕರೆಂಟು ಗ್ಯಾಸಿನ ಬಿಲ್ಲು ಕಟ್ಟದೆ ಹೊಂದಿಸಿದ ದುಡ್ಡು. ಬೆಲೆ ಒಂದು ಸೆಂಟ್. ಇವತ್ತಿಗೂ ಒಂದು ಸೆಂಟೇ, ಅದನ್ನ ಅವರು ಬದಲಾಯಿಸಿಲ್ಲ. ಮೂರೇ ವರ್ಷದಲ್ಲಿ ಲಕ್ಷ ಪ್ರತಿ ದಾಟ್ತು.

ಗಮನಿಸಿ, ಮೊದಲು ಬಂದಿದ್ದು ಪತ್ರಿಕೆ, ಸೂಪಲ್ಲ. ಪತ್ರಿಕೆಯಲ್ಲಿ ಪೀಟರ್ ಅತಿಥಿಗಳ ಮನೆ ಬೇಕು ಅಂತ ಬರೀತಿದ್ರು, ಅದನ್ನ ಓದಿ ಮನೆಯಿಲ್ಲದವರು ಆಫೀಸಿಗೇ ಬಂದು ಎಲ್ಲಿದೆ ಆ ಮನೆ ಅಂತ ಕೇಳಿದ್ರು. ಇರಲಿಲ್ಲ. ಬಾಡಿಗೆಗೆ ಹಿಡೀಲೇಬೇಕಾಯ್ತು. ಬರೆದ ಮಾತಿಗೆ ಹೀಗೆ ಬಾಗಿಲಲ್ಲಿ ನಿಂತು ಲೆಕ್ಕ ಕೇಳೋ ಓದುಗರು ಸಿಕ್ಕಿದ್ದು ಆ ಪತ್ರಿಕೆಯ ಪುಣ್ಯ ಅಂತ ನನಗನ್ಸುತ್ತೆ. 1936ರಿಂದ ಮಾಟ್ ಸ್ಟ್ರೀಟಲ್ಲಿ ದೊಡ್ಡ ಮನೆ, ಬೆಳಗ್ಗೆ ಕಾಫಿ ಬ್ರೆಡ್ಡಿಗೆ ನೂರಾರು ಜನರ ಸಾಲು, ಆಮೇಲೆ ಕ್ರಿಸ್ಟಿ ಸ್ಟ್ರೀಟು, ಕೊನೆಗೆ ಈ ಫಸ್ಟ್ ಸ್ಟ್ರೀಟು. ಪೀಟರ್ 1949ರಲ್ಲಿ ತೀರ್ಕೊಂಡಾಗ ಅವರಿಗೆ ಹಾಕಿದ ಸೂಟೂ ಯಾರೋ ದಾನ ಕೊಟ್ಟಿದ್ದೇ.

ದುಡ್ಡಿನ ವಿಷಯ ಜನ ಯಾವಾಗ್ಲೂ ಕೇಳ್ತಾರೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮನೆಯಲ್ಲಿ ಇದ್ದು ಕೆಲಸ ಮಾಡೋರಿಗೆ ಸಂಬಳ ಇಲ್ಲ, ಊಟ, ಮಲಗೋ ಜಾಗ, ಕೈಖರ್ಚಿಗೆ ಚೂರುಪಾರು. ಸರ್ಕಾರದ ಗ್ರಾಂಟ್ ತಗೊಳ್ಳಲ್ಲ. ಚಾರಿಟಿ ಅಂತ ರಿಜಿಸ್ಟರ್ ಮಾಡಿಸಿ ಟ್ಯಾಕ್ಸ್ ವಿನಾಯಿತಿ ತಗೊಂಡಿಲ್ಲ, ಹಾಗಾಗಿ ಅಲ್ಲಿಗೆ ಕೊಟ್ಟ ದುಡ್ಡಿಗೆ ಕೊಟ್ಟವರಿಗೆ ಟ್ಯಾಕ್ಸಲ್ಲಿ ಒಂದು ಪೈಸೆ ಉಳಿಯಲ್ಲ. ಹಸಿದವರಿಗೆ ಅನ್ನ ಕೊಡೋಕೆ ಸರ್ಕಾರದ ಪರ್ಮಿಷನ್ ಯಾಕೆ ಬೇಕು ಅನ್ನೋದು ಅವರ ವಾದ. 1960ರಲ್ಲಿ ಕ್ರಿಸ್ಟಿ ಸ್ಟ್ರೀಟಿನ ಅವರ ಮನೆಯನ್ನ ನಗರ ಸಬ್‌ವೇ ಕೆಲಸಕ್ಕೆ ಅಂತ ತಗೊಂಡು, ದುಡ್ಡು ಕೊಡೋದು ತಡ ಆಯ್ತು ಅಂತ ಬಡ್ಡಿ ಸೇರಿಸಿ ಕೊಡ್ತು. ಬಡ್ಡಿ ಎಷ್ಟು ಅಂದ್ರೆ 3,579 ಡಾಲರ್ 39 ಸೆಂಟ್. ಅವರು ಅದಷ್ಟಕ್ಕೂ ಚೆಕ್ ಬರೆದು, ನಾವು ಬಡ್ಡಿ ವ್ಯವಹಾರ ಒಪ್ಪಲ್ಲ ಅಂತ ಪತ್ರ ಇಟ್ಟು ನಗರಕ್ಕೆ ವಾಪಸ್ ಕಳಿಸಿದ್ರು. ಆ ಕಾಲಕ್ಕೆ ಸಣ್ಣ ದುಡ್ಡಲ್ಲ ಅದು, ಅವರಿಗೆ ದಿನಸಿ ಅಂಗಡಿ ಸಾಲ ಇದ್ದೇ ಇರ್ತಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1956ರಲ್ಲಿ, ಬೆಂಕಿ ಸುರಕ್ಷತೆ ಸರಿ ಇಲ್ಲ ಅಂತ ಕೋರ್ಟು 250 ಡಾಲರ್ ದಂಡ ಹಾಕಿತ್ತು. ಡೊರೊತಿ ಕೋರ್ಟಿಗೆ ಹೊರಟಾಗ ಬಾಗಿಲಲ್ಲಿ ನಿಂತಿದ್ದ ಗಂಡಸರ ಮಧ್ಯದಿಂದ ಹಳೇ ಬಟ್ಟೆ ಹಾಕಿದ ಒಬ್ಬರು ಬಂದು ದಂಡಕ್ಕೆ ಆಗುತ್ತೆ, ಟೂ ಫಿಫ್ಟಿ ಇದೆ ಅಂತ ಚೀಟಿ ಕೈಗಿಟ್ರು. ಪಾಪ ಎರಡೂವರೆ ಡಾಲರ್ ಕೊಟ್ಟಿದ್ದಾನೆ ಅಂತ ಡೊರೊತಿ ಅಂದ್ಕೊಂಡ್ರು. ಟ್ರೈನಲ್ಲಿ ಕೂತು ತೆಗೆದು ನೋಡಿದ್ರೆ 250 ಡಾಲರಿನ ಚೆಕ್ಕು, ಸಹಿ ಕವಿ ಡಬ್ಲ್ಯೂ ಎಚ್ ಆಡನ್ ಅವರದ್ದು.

ಮನೆಯೊಳಗಿನ ದಿನ ಹೇಗಿರುತ್ತೆ ಅಂತ ಕೇಳಿದ್ರಿ. ಸೂಪು ಮುಗಿಯೋದು ಮಧ್ಯಾಹ್ನಕ್ಕೆ ಮುಂಚೆ, ನನ್ನಂಥೋರು ಪಾತ್ರೆ ತೊಳೆದು ಟ್ರೈನ್ ಹತ್ತಿಬಿಡ್ತೀವಿ, ನಿಜವಾದ ಕಷ್ಟ ಆಮೇಲೆ. ಪ್ರತಿ ಪಾಳಿಗೂ ಒಬ್ಬರು "ಮನೆ ತಗೋತಾರೆ", ಹಾಗಂತಾರೆ ಅವರು, ಅಂದ್ರೆ ಅಷ್ಟು ಗಂಟೆ ಬಾಗಿಲು, ಫೋನು, ಜಗಳ, ಔಷಧಿ, ಎಲ್ಲಕ್ಕೂ ಅವರೇ. ಸಾಯಂಕಾಲ ಚಳಿಯಲ್ಲಿ ಒಬ್ಬ ಬಂದು ಮಂಚ ಕೇಳ್ತಾನೆ, ಮಂಚ ಖಾಲಿ ಇಲ್ಲ, ಇಲ್ಲ ಅಂತ ಇಪ್ಪತ್ತೆರಡು ವರ್ಷದ ಹುಡುಗ ಹೇಳ್ಬೇಕು, ಸಾಕ್ಸು ಸ್ಯಾಂಡ್‌ವಿಚ್ಚು ಕೊಟ್ಟು ಕಳಿಸ್ಬೇಕು. ಸಾಕ್ಸಿಗೆ ಎಷ್ಟು ಬೇಡಿಕೆ ಅಂತ ನಿಮಗೆ ಅಂದಾಜಿಲ್ಲ, ದಿನವಿಡೀ ನಡೆಯೋರಿಗೆ ಒದ್ದೆ ಸಾಕ್ಸು ಅಂದ್ರೆ ಕಾಲು ಕೊಳೀತಾ ಬರುತ್ತೆ. ಇನ್ನೊಬ್ಬ ಕುಡಿದು ಬಂದು ಚಾಕು ತೆಗೀತಾನೆ. ಇವರು ಅಹಿಂಸೆ ಅನ್ನೋ ಜನ, ಪೊಲೀಸರನ್ನ ಕರೆಯೋಕೆ ಮನಸ್ಸು ಬರಲ್ಲ, ಹಾಗಾಗಿ ಮಾತಾಡಿ, ಹೊರಗೆ ನಡೆಸ್ಕೊಂಡು ಹೋಗಿ, ಅವನ ಜೊತೆ ರಸ್ತೆ ಸುತ್ತಿ ಸಮಾಧಾನ ಮಾಡ್ಬೇಕು. ಇವತ್ತು ನೀನು ಒಳಗೆ ಬರೋ ಹಾಗಿಲ್ಲ, ನಾಳೆ ಬಾ ಅಂತ ಹೇಳೋದೂ ಇದೆ. ನಾಳೆ ಬಾ ಅನ್ನೋದನ್ನ ಮರೆಯದೆ ಸೇರಿಸ್ತಿದ್ರು, ಅದನ್ನ ನಾನು ಕಿವಿಯಾರೆ ಕೇಳಿದ್ದೀನಿ.

ಇಂಥ ಕಡೆ ಬೇಸಿಗೆ ರಜೆಗೆ ಬರೋ ಕಾಲೇಜ್ ಮಕ್ಕಳು ಬಹಳ. ಕೆಲವರು ವಾರಕ್ಕೇ ಓಡ್ತಾರೆ, ಕೆಲವರು ಒಂದು ವರ್ಷಕ್ಕೆ ಅಂತ ಬಂದು ಮೂವತ್ತು ವರ್ಷ ಇರ್ತಾರೆ. ಅಸಹ್ಯ ಅನ್ನಿಸೋದು ಹಸಿವು ಬಡತನ ಅಲ್ಲ ಅಂತ ಹಳಬರು ಹೇಳೋರು, ಹಂಚಿಕೊಳ್ಳೋ ಬಾತ್ರೂಮು, ತಿಗಣೆ, ಒಂದೇ ಕಥೆಯನ್ನ ನೂರು ಸಲ ಹೇಳೋ ಮುದುಕ, ಎಲ್ಲರೂ ಮಲಗಿದ್ಮೇಲೆ ಕಿರುಚೋ ಪಕ್ಕದ ರೂಮಿನೋರು. ಡೊರೊತಿ ಕೂಡ ತಿಗಣೆ ಬಗ್ಗೆ, ವಾಸನೆ ಬಗ್ಗೆ, ತನಗೆ ಬರೋ ಸಿಟ್ಟಿನ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ, ಅದಕ್ಕೇ ಅವರ ಬರಹ ನಂಬೋಕಾಗುತ್ತೆ. ಒಬ್ಬ ಸೋಷಿಯಲ್ ವರ್ಕರ್ ಬಂದು ಇಲ್ಲಿ ಜನ ಎಷ್ಟು ದಿನ ಇರಬಹುದು ಅಂತ ಕೇಳಿದಾಗ ಅವರು ಹೇಳಿದ್ದು, ಯಾವತ್ತಿಗೂ ಇರಬಹುದು, ನಮ್ಮ ಜೊತೆ ಬದುಕ್ತಾರೆ, ನಮ್ಮ ಜೊತೆ ಸಾಯ್ತಾರೆ, ನಾವು ಮಣ್ಣು ಮಾಡ್ತೀವಿ, ಒಳಗೆ ಬಂದ್ಮೇಲೆ ಮನೆಯವರೇ ಅಲ್ವಾ, ಅಂತ. ನ್ಯೂಯಾರ್ಕಲ್ಲಿ ದಿಕ್ಕಿಲ್ಲದೆ ಸತ್ತವರನ್ನ ಹಾರ್ಟ್ ಐಲ್ಯಾಂಡ್ ಅನ್ನೋ ದ್ವೀಪಕ್ಕೆ ದೋಣಿಯಲ್ಲಿ ಸಾಗಿಸಿ, ಉದ್ದದ ಗುಂಡಿಯಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚೋದು. ಅಂಥ ಊರಲ್ಲಿ ಮಣ್ಣು ಮಾಡ್ತೀವಿ ಅನ್ನೋ ಮಾತಿನ ತೂಕ ಬೇರೆ.

ಮೇರಿಹೌಸಲ್ಲಿ ನಾನು ಕಂಡ ಒಬ್ಬ ಅಮ್ಮನ ಬಗ್ಗೆ ಹೇಳ್ಬೇಕು. ಹೆಸರು ಬೇಡ. ವರ್ಷಗಟ್ಟಲೆ ಆಸ್ಪತ್ರೆ, ಆಮೇಲೆ ವರ್ಷಗಟ್ಟಲೆ ಬೀದಿ, ಆಮೇಲೆ ಈ ಮನೆ. ಯಾರ ಜೊತೆಗೂ ಮಾತಿಲ್ಲ. ಸಂಜೆ ಊಟಕ್ಕೆ ಮುಂಚೆ ಚಮಚಗಳನ್ನ ಒಂದೊಂದಾಗಿ ಒರೆಸಿ ಮೇಜಿನ ಮೇಲೆ ಜೋಡಿಸೋದು ಅವರ ಕೆಲಸ, ಯಾರೂ ವಹಿಸಿದ್ದಲ್ಲ, ಅವರೇ ಹಿಡ್ಕೊಂಡಿದ್ದು. ಒಂದು ಚಮಚ ಸೊಟ್ಟಗಿದ್ರೂ ಆಗಲ್ಲ. ಒಂದು ದಿನ ಹೊಸ ಹುಡುಗಿ ಗೊತ್ತಿಲ್ಲದೆ ತಾನೇ ಜೋಡಿಸಿಬಿಟ್ಲು, ಅಮ್ಮ ಬಂದು ನೋಡಿ, ಎಲ್ಲ ಚಮಚ ವಾಪಸ್ ಡಬ್ಬಕ್ಕೆ ಹಾಕಿ ಮೊದಲಿಂದ ಶುರು ಮಾಡಿದ್ರು. ಊಟ ತಡ ಆಯ್ತು. ಮೂವತ್ತು ಜನ ಹಸ್ಕೊಂಡು ಕಾದ್ರು, ಒಬ್ಬರೂ ಬೇಗ ಮಾಡಿ ಅನ್ನಲಿಲ್ಲ. ಈ ಕಾಯೋದನ್ನ ಯಾವ ಸಂಬಳದ ಶಿಫ್ಟಲ್ಲಿ ಮಾಡೋಕಾಗುತ್ತೆ? ಶಿಫ್ಟ್ ಮುಗಿದ ಮೇಲೆ ಮನೆಗೆ ಹೋಗ್ಬೇಕಾದೋರಿಗೆ ಆಗಲ್ಲ, ಅದೇ ಮೇಜಿಗೆ ತಾನೂ ಊಟಕ್ಕೆ ಕೂರ್ಬೇಕಾದೋರಿಗೆ ಮಾತ್ರ ಆಗುತ್ತೆ.

ಪತ್ರಿಕೆ ಕೆಲಸವೂ ಮನೆಯದ್ದೇ. ಪ್ರಿಂಟಾಗಿ ಬಂದ ಬಂಡಲ್‌ಗಳನ್ನ ಮನೆಯವರು, ಸೂಪಿಗೆ ಬಂದವರು, ಎಲ್ಲ ಸೇರಿ ಮಡಚಿ ವಿಳಾಸದ ಚೀಟಿ ಅಂಟಿಸೋದು. ಶುಕ್ರವಾರ ಸಂಜೆ ಸಭೆ, ಯಾರಾದ್ರೂ ಬಂದು ಮಾತಾಡ್ತಾರೆ, ಒಂದು ವಾರ ಪ್ರೊಫೆಸರ್, ಇನ್ನೊಂದು ವಾರ ಜೈಲಿಂದ ಬಂದೋರು, ಹಿಂದೆ ಕೂತ ಯಾರೋ ಗೊರಕೆ ಹೊಡೀತಿರ್ತಾರೆ, ಯಾರೋ ಎದ್ದು ಸಂಬಂಧವೇ ಇಲ್ಲದ ಪ್ರಶ್ನೆ ಕೇಳ್ತಾರೆ, ಅದಕ್ಕೂ ಉತ್ತರ ಕೊಡ್ತಾರೆ. ಇದು ಪೀಟರ್ ಕಾಲದಿಂದ ಬಂದಿದ್ದು, ಬರೀ ಬಡಿಸೋದಲ್ಲ, ಯಾಕೆ ಈ ಸಾಲು ಇದೆ ಅಂತ ಕೂತು ಯೋಚನೆನೂ ಮಾಡ್ಬೇಕು ಅಂತ.

ಇವರ ನಿಲುವುಗಳೆಲ್ಲ ಎಲ್ಲರಿಗೂ ಹಿಡಿಸ್ತು ಅಂದ್ಕೋಬೇಡಿ. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗಲೂ ಡೊರೊತಿ ನಾವು ಯುದ್ಧ ಒಪ್ಪಲ್ಲ ಅಂತ ಪತ್ರಿಕೆಯಲ್ಲಿ ಬರೆದ್ರು, ಓದುಗರು ಕಂತೆಗಟ್ಟಲೆ ಬಿಟ್ಟು ಹೋದ್ರು, ಬೇರೆ ಊರುಗಳಲ್ಲಿದ್ದ ಎಷ್ಟೋ ಮನೆ ಮುಚ್ಚಿದ್ವು. 1955ರಿಂದ ಅಣುಬಾಂಬ್ ಅಣಕು ಕವಾಯತಿಗೆ ಎಲ್ಲರೂ ಒಳಗೆ ಅಡಗಬೇಕು ಅಂತ ಕಾನೂನಿದ್ರೆ ಇವರು ಹೋಗಿ ಪಾರ್ಕಲ್ಲಿ ಕೂತ್ಕೊಂಡು ವರ್ಷ ವರ್ಷ ಅರೆಸ್ಟ್ ಆದ್ರು, 1961ರಲ್ಲಿ ಸಾವಿರಾರು ಜನ ಬಂದು ಜೊತೆಗೆ ಕೂತ ಮೇಲೆ ಆ ಕವಾಯತೇ ನಿಂತು ಹೋಯ್ತು. ಗಾಂಧೀಜಿಯವರನ್ನ ಕಂಡ್ರೆ ಡೊರೊತಿಗೆ ಬಹಳ ಗೌರವ, 1948ರಲ್ಲಿ ಅವರ ಸಾವಿನ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದಾರೆ, 1970ರಲ್ಲಿ ಕೋಲ್ಕತ್ತಕ್ಕೆ ಬಂದು ಮದರ್ ತೆರೇಸಾರನ್ನೂ ಕಂಡು ಹೋದ್ರು. 1973ರಲ್ಲಿ, 75 ವರ್ಷಕ್ಕೆ, ಕ್ಯಾಲಿಫೋರ್ನಿಯಾದ ಹೊಲದ ಕೂಲಿಗಳ ಜೊತೆ ನಿಂತು ಕೊನೇ ಸಲ ಜೈಲಿಗೆ ಹೋದ್ರು. 1980ರ ನವೆಂಬರ್ 29ಕ್ಕೆ ತೀರ್ಕೊಂಡಿದ್ದು ಮೇರಿಹೌಸಿನ ತಮ್ಮ ರೂಮಲ್ಲೇ. ಈಗ ಅವರನ್ನ ಸಂತರು ಅಂತ ಘೋಷಿಸೋ ಪ್ರಕ್ರಿಯೆ ಚರ್ಚಲ್ಲಿ ನಡೀತಿದೆ, 2015ರಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಪಾರ್ಲಿಮೆಂಟಲ್ಲಿ ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್ ಜೊತೆಗೆ ಅವರ ಹೆಸರೂ ತಗೊಂಡ್ರು.

ಪೀಟರ್ ಕನಸಿನ ಹೊಲಗಳು ಮಾತ್ರ ಹೆಚ್ಚಿನವು ನಡೀಲಿಲ್ಲ, ಮಾತಾಡೋರು ಜಾಸ್ತಿ, ಅಗೆಯೋರು ಕಮ್ಮಿ ಆಗ್ಬಿಡ್ತು.

ಪ್ರಶ್ನೆಗಳಿಗೆ ಬರ್ತೀನಿ. ಮುಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದ್ರು, "ತೊಂಬತ್ತು ವರ್ಷದಿಂದ ಸೂಪು ಹಾಕ್ತಿದ್ದಾರೆ, ಸಾಲು ಕರಗಿಲ್ಲವಲ್ಲ ತಾಯಿ, ಇದರಿಂದ ಏನು ಬದಲಾಯ್ತು?" ಸರ್, ಕರಗಿಲ್ಲ, ನಿಜ. ಬೌರಿ ತುಂಬ ಈಗ ದುಬಾರಿ ಹೋಟೆಲು, ಆ ಏರಿಯಾದಲ್ಲಿ ಸಾಮಾನ್ಯ ಸಂಬಳದೋರಿಗೆ ಒಂದು ರೂಮ್ ಸಿಗಲ್ಲ, 2022ರಿಂದ ಈಚೆಗೆ ಗಡಿ ದಾಟಿ ಬಂದ ಲಕ್ಷಾಂತರ ವಲಸೆಗಾರರು ನ್ಯೂಯಾರ್ಕಿಗೆ ಬಂದು ಮಲಗೋ ಜಾಗಕ್ಕೆ ಅಲೆದ್ರು. ಮನೆ ಕಟ್ಟೋದು, ಬಾಡಿಗೆ ಹಿಡಿತದಲ್ಲಿಡೋದು, ಆಸ್ಪತ್ರೆ ನಡೆಸೋದು ಸರ್ಕಾರದ ಕೆಲಸ, ಅದನ್ನ ಸರ್ಕಾರವೇ ಮಾಡ್ಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಇಲ್ಲಿ ನಾನು ಡೊರೊತಿಗಿಂತ ಹೇಯ್ಸ್ ಲಾಯರ್ ಕಡೆ ಸ್ವಲ್ಪ ಜಾಸ್ತಿ. ಆದ್ರೆ ಕಾನೂನು ಮಂಚ ಕೊಡುತ್ತೆ, ಆ ಅಮ್ಮನ ಚಮಚಕ್ಕೆ ಕಾಯಲ್ಲ. ಎರಡೂ ಬೇಕು. ಒಂದರ ಹೆಸರಲ್ಲಿ ಇನ್ನೊಂದನ್ನ ನಿಲ್ಲಿಸೋದು ನನಗೆ ಒಪ್ಪಿಗೆ ಇಲ್ಲ.

ಮತಾಂತರ ಮಾಡ್ತಾರಾ ಅಂತ ಚೀಟಿ ಬಂತು. ನಾನು ಹೋದಷ್ಟು ಕಾಲ ಯಾರೂ ನನ್ನ ಧರ್ಮ ಕೇಳಲಿಲ್ಲ. ಸಂಜೆ ಪ್ರಾರ್ಥನೆ ಇರುತ್ತೆ, ಬಲಿಪೂಜೆ, ಅಂದ್ರೆ ಚರ್ಚಲ್ಲಿ ಮಾಸ್ ಅಂತಾರಲ್ಲ ಆ ಪೂಜೆ, ಅದೂ ಇರುತ್ತೆ, ಬೇಕಾದೋರು ಕೂರ್ತಾರೆ, ಬೇಡದೋರು ಟಿವಿ ನೋಡ್ತಾರೆ. ಆದ್ರೆ ಧರ್ಮ ಇಲ್ಲದ ಸಮಾಜಸೇವೆ ಅಂತ ಅದನ್ನ ಹೇಳೋದೂ ತಪ್ಪಾಗುತ್ತೆ. ಹಸಿದಿದ್ದೆ, ನನಗೆ ಊಟ ಕೊಟ್ಟಿರಿ, ಪರದೇಶಿಯಾಗಿದ್ದೆ, ನನ್ನನ್ನ ಸೇರಿಸ್ಕೊಂಡಿರಿ ಅಂತ ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳೋ ಮಾತಿದೆಯಲ್ಲ, ಅದನ್ನ ಅವರು ಅಕ್ಷರಕ್ಕೆ ಅಕ್ಷರ ತಗೊಂಡಿದ್ದಾರೆ, ಬಾಗಿಲಿಗೆ ಬಂದೋನು ಅವನೇ ಅಂತ. ಅದು ಇಲ್ದಿದ್ರೆ ಮೂವತ್ತು ವರ್ಷ ಆ ಮನೆಯಲ್ಲಿ ಇರೋಕೆ ಶಕ್ತಿ ಎಲ್ಲಿಂದ ಬರ್ತಿತ್ತು ಅಂತ ನನಗೆ ಗೊತ್ತಾಗಲ್ಲ.

ಇದು ನಮ್ಮ ದಾಸೋಹ ಅಲ್ವಾ ಅಂತ ಇನ್ನೊಬ್ಬರು. ಹೌದು, ಕಾಯಕ ದಾಸೋಹ ಅನ್ನೋದನ್ನ ಪೀಟರ್‌ಗೆ ಯಾರಾದ್ರೂ ಹೇಳಿದ್ರೆ ಅವರು ರಾತ್ರಿಯಿಡೀ ನಿಮ್ಮನ್ನ ಮಲಗೋಕೆ ಬಿಡ್ತಿರಲಿಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ ಆಗೋದರ ಮುಂದೆ ಈ ಮನೆಗಳ ಲೆಕ್ಕ ಬಹಳ ಚಿಕ್ಕದು. ಆದ್ರೆ ಮಠಕ್ಕೆ ಹಿಂದೆ ಭಕ್ತರಿದ್ದಾರೆ, ಊರಿದೆ, ರೈತರು ಗಾಡಿಯಲ್ಲಿ ತಂದು ಹಾಕೋ ರಾಗಿ ಅಕ್ಕಿ ಇದೆ, ಊಟ ಮಾಡೋ ಮಗುವಿಗೆ ನಾಳೆ ಅನ್ನೋದಿದೆ. ಇಲ್ಲಿ ಬರೋರಿಗೆ ಊರೂ ಇಲ್ಲ, ಬಹಳಷ್ಟು ಜನ ಸುಧಾರಿಸೋದೂ ಇಲ್ಲ, ಥ್ಯಾಂಕ್ಸ್ ಅಂತಾನೂ ಹೇಳಲ್ಲ. ಸುಧಾರಿಸ್ಲಿ ಅಂತ ಕಾಯದೆ ಬಡಿಸೋದನ್ನ ನಾನು ಅಲ್ಲೇ ನೋಡಿದ್ದು.

ಕೊನೇಲಿ ಒಬ್ಬಳು ಹುಡುಗಿ, ಮುಂದಿನ ವರ್ಷ ಓದೋಕೆ ನ್ಯೂಜರ್ಸಿಗೆ ಹೋಗ್ತಿದ್ದಾಳಂತೆ, ಅಲ್ಲಿ ಸೇರ್ಕೋಬೇಕಾದ್ರೆ ಏನು ಕ್ವಾಲಿಫಿಕೇಷನ್ ಬೇಕು ಅಕ್ಕ ಅಂತ ಕೇಳಿದ್ಲು. ಏನೂ ಬೇಡ ಕಣಮ್ಮ, ಕ್ಯಾಥೊಲಿಕ್ ಆಗಿರ್ಬೇಕು ಅಂತಿಲ್ಲ, ಫೋನ್ ಮಾಡಿ ಯಾವ ದಿನ ಬೆಳಗ್ಗೆ ಕೈ ಬೇಕು ಅಂತ ಕೇಳ್ಕೊಂಡು ಹೋಗು. ಒಂದೇ ಮಾತು, ಥ್ಯಾಂಕ್ಸ್‌ಗಿವಿಂಗ್ ಕ್ರಿಸ್‌ಮಸ್ ದಿನ ಹೋಗ್ಬೇಡ, ಅವತ್ತು ಇಡೀ ನ್ಯೂಯಾರ್ಕಿಗೆ ಸೇವೆ ಮಾಡೋ ಮನಸ್ಸು ಬಂದು ಅಡುಗೆಮನೆಯಲ್ಲಿ ನಿಲ್ಲೋಕೆ ಜಾಗ ಇರಲ್ಲ. ಫೆಬ್ರವರಿಯಲ್ಲಿ ಹೋಗು. ಮಂಗಳವಾರ, ಬುಧವಾರ, ಹೊರಗೆ ಹಿಮ ಕಲಸಿ ಕೆಸರಾಗಿರುತ್ತೆ, ವಾಲಂಟಿಯರ್‌ಗಳು ಬಂದಿರಲ್ಲ, ಸಾಲು ಮಾತ್ರ ಅಷ್ಟೇ ಉದ್ದ ಇರುತ್ತೆ. ಹೋಗುವಾಗ ಬ್ಯಾಗಲ್ಲಿ ಒಂದು ಡಜನ್ ಗಂಡಸರ ಸಾಕ್ಸ್ ಇಟ್ಕೋ, ದಪ್ಪದ್ದು.